ಊರೆಲ್ಲ ಕೇಳಿದ ಅಳತೆ

ಓದುಗರೇ, ನೆಲದಡಿಯ ಹಗೇವಿನಲ್ಲಿ ಮುಚ್ಚಿಟ್ಟ ಜೋಳ ಎಷ್ಟಿದೆಯೆಂದು ತಿಳಿಯುವ ಅಧಿಕಾರ ಯಾರದು? ಬಾಯಿಗಲ್ಲಿನ ಮೇಲೆ ಅರಗಿನ ಮೊಹರು ಒತ್ತಿದವನದೋ, ಮಳೆಗಾಲದಲ್ಲಿ ಅದೊಂದನ್ನೇ ನಂಬಿ ಒಲೆ ಹೊತ್ತಿಸಬೇಕಾದವಳದೋ?

ಧಾರವಾಡದ ಕಾಲೇಜಿನ ಚರ್ಚಾಕೂಟದಲ್ಲಿ ಈ ವಿಷಯ ಸಿಕ್ಕಿದ್ದರೆ ನಾನು ಎರಡೂ ಪಕ್ಷಗಳನ್ನು ಸಮರ್ಥವಾಗಿ ವಾದಿಸಿ ಚಪ್ಪಾಳೆ ಪಡೆಯುತ್ತಿದ್ದೆ. ಆದರೆ ಮಹಾಯುದ್ಧ ಇನ್ನೂ ಮುಗಿಯದಿದ್ದ ಒಂದು ಬೇಸಿಗೆಯಲ್ಲಿ, ಶಿಗ್ಗಾವಿಯಿಂದ ಸವಣೂರಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ, ಈ ಪ್ರಶ್ನೆ ಕಲ್ಲು ಕೀಳುವ ಹಾರೆಗಳ ರೂಪದಲ್ಲಿ ಎದುರಿಗೆ ಬಂದಿತು. ಆಗ ನಾನು ಶಿಗ್ಗಾವಿಯಲ್ಲಿ ವಕೀಲಿ ಮಾಡಿಕೊಂಡು, ತಾಲೂಕಿನ ಆಹಾರ ಸಮಿತಿಯಲ್ಲಿ ಸರಕಾರೇತರ ಸದಸ್ಯನಾಗಿದ್ದೆ.

ಆ ಊರಿನ ಲೆವಿ ಜೋಳವನ್ನು, ಎಂದರೆ ರೈತರು ಕಡ್ಡಾಯವಾಗಿ ಕೊಡಬೇಕಾದ ಪಾಲನ್ನು, ಸರಕಾರ ಹಿಂದಿನ ವರ್ಷವೇ ವಸೂಲು ಮಾಡಿತ್ತು. ತಾಲೂಕಿನ ಉಗ್ರಾಣದಲ್ಲಿ ಸ್ಥಳವಿರಲಿಲ್ಲ. ಆದ್ದರಿಂದ ಧಾನ್ಯವನ್ನು ಊರ ಹೊರಗಿನ ದೊಡ್ಡ ಹಗೇವಿನಲ್ಲಿಯೇ ತುಂಬಿಸಿ, ಬಾಯಿಗೆ ಹಾಸುಗಲ್ಲು ಹೊದಿಸಿ, ಕಚೇರಿಯ ಮೊಹರು ಹಾಕಿದ್ದರು. ಹಗೇವನ್ನು ಕಾಣದವರಿಗಾಗಿ ಒಂದು ಮಾತು: ಗಟ್ಟಿ ನೆಲದಲ್ಲಿ ಗಡಿಗೆಯ ಆಕಾರಕ್ಕೆ ತೋಡಿದ ಕಣಜವದು, ಬಾಯಿ ಕಿರಿದು, ಹೊಟ್ಟೆ ಹಿರಿದು. ಸುತ್ತ ಒಣಹುಲ್ಲು ಹೊಂದಿಸಿ ಕಾಳು ಸುರಿದು, ಮೇಲೆ ಹುಲ್ಲು, ಕಲ್ಲು, ಮಣ್ಣು ಮುಚ್ಚಿದರೆ ಕಳ್ಳನಿಗೂ ಇಲಿಗೂ ಅದರ ಸುಳಿವು ಹತ್ತದು. ಆದರೆ ಒಡೆಯನಿಗೂ ಕಾಣದು. ಒಳಗಿರುವುದೆಷ್ಟು ಎಂಬುದನ್ನು ನಂಬಿಕೆಯಿಂದಲೇ ತಿಳಿಯಬೇಕು.

ಊರಿನ ಹೊಲದೊಡೆಯರಿಗೆ ತಮ್ಮ ತಮ್ಮ ಹಗೇವುಗಳಿದ್ದವು. ಕೂಲಿಯನ್ನೇ ನಂಬಿದ ಕೇರಿಯ ಮನೆಗಳಿಗೆ ಆಷಾಢ ಶ್ರಾವಣಗಳಲ್ಲಿ ಕಂಟ್ರೋಲು ದರಕ್ಕೆ ಸಿಗಬೇಕಾಗಿದ್ದುದು ಈ ಮೊಹರಿನ ಕೆಳಗಿನ ಜೋಳ ಮಾತ್ರ. ಹೀಗಿರಲು, ಸೊಲ್ಲಾಪುರದ ಕಡೆಗೋ ಮುಂಬಯಿಯ ಕಡೆಗೋ ಹೋಗುವ ಚೀಲಗಳನ್ನು ಹೇರಿಕೊಂಡ ಬಂಡಿಗಳು ಯಲವಿಗಿಯ ಸ್ಟೇಶನ್ನಿನ ಹಾದಿಯಲ್ಲಿ ಸಾಲಾಗಿ ಹೋದುದನ್ನು ಯಾರೋ ಕಂಡರು. ಅವು ಎಲ್ಲಿಯ ಬಂಡಿಗಳೋ ಯಾರಿಗೂ ತಿಳಿಯದು. ಹತ್ತಿಮತ್ತೂರಿನ ಸಂತೆಗೆ ಹೋಗಿಬಂದವರ ಬಾಯಲ್ಲಿ ಸುದ್ದಿ ಬೆಳೆಯಿತು: ಸರಕಾರಿ ಹಗೇವು ಬರಿದಾಗಿದೆ, ಗೌಡರೂ ಕಚೇರಿಯವರೂ ಕೂಡಿ ಮಾರಿದ್ದಾರೆ, ಮೊಹರಿನ ಕೆಳಗೆ ಇರುವುದು ಬರೀ ಹೊಟ್ಟು. ಕಲ್ಲು ಕಿತ್ತು ನೋಡಿಯೇಬಿಡುವುದೆಂದು ಕೇರಿಯವರು ನಿಶ್ಚಯಿಸಿದರು. ಕಿತ್ತರೆ ಜಿಲ್ಲೆಯಿಂದ ಬಂದೂಕಿನ ಪೋಲೀಸರು ಬರುವುದು ಖಂಡಿತ. ಕೀಳದಿದ್ದರೆ ಮಳೆಗಾಲಕ್ಕೆ ಗಂಜಿಯೂ ಅನುಮಾನ.

ನಾನು ತಾಲೂಕಿನ ಮುಖ್ಯಾಧಿಕಾರಿಯಾದ ಮಾಮಲೇದಾರರ ಬಳಿಗೆ ಹೋದೆ. ಅವರು ಒರಟು ಮನುಷ್ಯರಲ್ಲ. ಕಾಗದದ ಮೇಲಿನ ಆಜ್ಞೆಯನ್ನು ಮೀರಲು ಅಂಜುವ, ಅಂಜಿಕೆಯನ್ನು ಮುಚ್ಚಲು ನಗುವ ಅಧಿಕಾರಿ.

“ಅಲ್ರೀ ವಕೀಲರ, ಧಾನ್ಯದ ಅಂಕಿ ಹೊರಗ ಹೇಳಬಾರದಂತ ಮ್ಯಾಲಿಂದ ಹುಕುಂ ಐತಿ. ಲಡಾಯಿ ಕಾಲ ಇದು,” ಎಂದರು.

“ಅಂಕಿ ವೈರಿಗೆ ಹೇಳ್ರಿ ಅನ್ನಾಕತ್ತಿಲ್ಲ ಸಾಹೇಬ್ರ, ಉಣ್ಣಾವ್ರಿಗೆ ಹೇಳ್ರಿ ಅಂತೇನಿ.”

“ಕಡಿಮಿ ಐತಿ ಅಂತ ಗೊತ್ತಾದ್ರ ಮಂದಿ ಕಲ್ಲು ಕಿತ್ತು ಒಯ್ತಾರ. ಬಾಳ ಐತಿ ಅಂತ ಗೊತ್ತಾದ್ರ ವ್ಯಾಪಾರಸ್ಥರು ಮೂಗು ತೂರಸ್ತಾರ. ನಾ ಹಿರೇಕೆರೂರಾಗ ಇದ್ದಾಗ ನೋಡೇನಿ, ಸಂತ್ಯಾಗ ಒಂದು ಸುದ್ದಿ ಬಿದ್ರ ಸಾಕು, ಮಧ್ಯಾಹ್ನದೊಳಗ ಜೋಳ ಮಾಯ.”

“ಹೇಳದಿದ್ದಾಗ ಏನಾಗೈತಿ ಅಂಬೂದನ್ನೂ ಹಂಗ ನೋಡ್ರಿ. ಹಾರಿ ಸಾಣಿ ಹಿಡ್ಯಾಕತ್ತಾರ.”

ಅವರು ಅಡಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡರು. ಕೊನೆಗೆ, ನನ್ನ ಹೊಣೆಯ ಮೇಲೆ, ಆ ಒಂದು ಹಗೇವಿನ ಅಂಕಿಯನ್ನು ಆ ಊರಿನ ಚಾವಡಿಯಲ್ಲಿ ಮಾತ್ರ ಬರೆದು ತೂಗಹಾಕಲು ಒಪ್ಪಿದರು. “ಬರೀರಿ. ಯಾರೂ ನಂಬೂದಿಲ್ಲ. ಆವಾಗ ತಿರುಗಿ ಬರ್ತೀರಿ, ಚಹಾ ಇಟ್ಟಿರತೇನಿ,” ಎಂದರು.

ಹಲಗೆಗೆ ಕರಿಬಣ್ಣ ಹೊಡೆಸಿ, ಬಿಳಿಯ ದಪ್ಪ ಅಕ್ಷರಗಳಲ್ಲಿ ಇಷ್ಟು ಚೀಲವೆಂದು ಬರೆಸಿ, ಚಾವಡಿಯ ಗೋಡೆಗೆ ನಾನೇ ನಿಂತು ಮೊಳೆ ಹೊಡೆಸಿದೆ. ಸರಕಾರ ತನ್ನ ಅಂಕಿಯನ್ನು ಪ್ರಜೆಗಳ ಮುಂದೆ ಬರೆದಿಟ್ಟುದನ್ನು ಕಂಡು ನನಗೆ ರೋಮಾಂಚನವಾಯಿತು. ಊರಿಗೆ ಆಗಲಿಲ್ಲ.

“ಬರದಾವ್ರು ಯಾರ್ರಿ?” ಎಂದನೊಬ್ಬ.

“ನಾನೇ ಬರೆಸಿದ್ದು.”

“ಅಳದಾವ್ರು?”

ಅವನು ಗೆಳೆಯನ ಹೆಗಲು ತಟ್ಟಿ, “ನಮ್ಮನಿ ಎಮ್ಮಿ ದಿನಾ ಹತ್ತು ಸೇರು ಹಾಲು ಕೊಡ್ತೈತಿ ಅಂತ ನಾನೂ ಒಂದು ಹಲಗಿ ಬರಸ್ತೇನಿ ತಡಿಯೋ. ನಮ್ಮನಿ ಎಮ್ಮಿ ಗೊಡ್ಡು ಅಂಬೂದು ಊರಿಗೇ ಗೊತ್ತೈತಿ!” ಎಂದ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

ಕೇರಿಯಲ್ಲಿ ಮಾತಿಗೆ ಮುಂದಾಗುತ್ತಿದ್ದವಳು ಒಬ್ಬ ವಿಧವೆ. ಕಳೆ ಕೀಳುವ ಹೆಂಗಸರ ತಂಡವನ್ನು ಹೊಲಗಳಿಗೆ ಕರೆದೊಯ್ಯುವವಳು. ಅವಳನ್ನು ಎಲ್ಲರೂ ಅವ್ವ ಎಂದೇ ಕರೆಯುತ್ತಿದ್ದರು. ಹಲಗೆಯನ್ನು ಓದಿಸಿಕೊಂಡಿರಾ ಎಂದು ಅವಳನ್ನು ಕೇಳಿದೆ.

“ಚಾವಡಿ ಕಟ್ಟಿ ನಾವು ಹತ್ತೂವಂಗ ಐತೇನ್ರಿ ಯಪ್ಪಾ? ದೂರದಿಂದ ನೋಡೇವಿ. ಕರೀ ಹಲಗಿ, ಅದರ ಮ್ಯಾಲ ಬೆಳ್ಳನ್ನವು ಏನೋ ಅದಾವು. ಕೊಕ್ಕರಿ ಕುಂತಂಗ ಕಂಡಾವು.” ಹಿಂದಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅವಳು ಮಾತ್ರ ನಗಲಿಲ್ಲ. “ನಿಮ್ಮ ಮ್ಯಾಲ ಸಿಟ್ಟಿಲ್ರಿ. ಆದ್ರ ನನ್ನ ಕೇರ್ಯಾಗ ಹಾಲು ಕುಡಿಯೋ ಕೂಸು ಬಾಳ ಅದಾವು. ತಾಯಂದ್ರು ಉಂಡ್ರ ಅವು ಉಳೀತಾವು. ಜೋಳ ಇದ್ರ ತೋರಸ್ರಿ. ಇಲ್ಲಂದ್ರ ಇಲ್ಲ ಅಂತ ಈಗ ಹೇಳ್ರಿ, ಮಳಿ ಹಿಡಿಯೂದರಾಗ ಗೋವೆಯ ಗಡಿ ಕಡೆ ಗುಳೆ ಎದ್ದು ಹೋಗ್ತೇವಿ. ಆಷಾಢದಾಗ ಹೇಳಿದ್ರ ಎಲ್ಲಿಗೆ ಹೋಗೂನ್ರಿ?”

ಆ ಮಾತು ನನ್ನ ಬುದ್ಧಿಯಲ್ಲಿ ಒಂದು ಕದವನ್ನು ತೆರೆಯಿತು. ನಾನು ಹಕ್ಕಿನ ಮಾತಾಡುತ್ತಿದ್ದೆ; ಅವಳು ಕಾಲದ ಮಾತಾಡುತ್ತಿದ್ದಳು. ಸತ್ಯವನ್ನು ಹೊತ್ತು ಮೀರಿ ಹೇಳಿದರೆ ಅದು ಸುಳ್ಳಿನಷ್ಟೇ ಹಾನಿ ಮಾಡಬಲ್ಲುದು. ಹಗೇವನ್ನು ತೆರೆದು ಎಲ್ಲರೆದುರು ಅಳೆಯುವುದೊಂದೇ ಉಳಿದಿದ್ದ ದಾರಿ.

ಗೌಡರು ಒಪ್ಪಲಿಲ್ಲ. ಊರಿನ ರಾಶಿ ಅಳೆಯುವ ಹಕ್ಕು ಅವರ ಮನೆತನದ್ದು. ಜೋಳ ಮಾರಿದರೆಂಬ ಅಪವಾದವೂ ಅವರ ತಲೆಯ ಮೇಲೆಯೇ ಇತ್ತು. ಆದರೂ ಅವರ ಆಕ್ಷೇಪಗಳು ತೂಕದವಾಗಿದ್ದವು.

“ಹಗೇವು ಅಂದ್ರ ನಿಮ್ಮ ಪೆಟ್ಟಿಗಿ ಅಲ್ರಿ ವಕೀಲರ, ತಗದು ನೋಡಿ ಮುಚ್ಚಾಕ. ಬಾಯಿ ತಗದ ಮ್ಯಾಲ ಒಳಗ ಗಾಳಿ ಹೊಕ್ತು. ಪೂರಾ ಖಾಲಿ ಮಾಡಿ, ಹೊಸ ಹುಲ್ಲು ಹಾಕಿ, ತಿರುಗಿ ತುಂಬಬೇಕು. ನಡುವ ಒಂದು ಅಡ್ಡಮಳಿ ಬಂತಂದ್ರ ಇದ್ದ ಜೋಳನೂ ಮಣ್ಣು.” ಹಾಗೆಯೇ ಮುಂದುವರಿಸಿದರು: “ಮತ್ತ ರಾಶಿ ಮೊತ್ತ ಬಾಯಾಗ ಆಡೂದು ನಮ್ಮಲ್ಲಿ ಇಲ್ಲ. ನಮ್ಮಪ್ಪ ಹೆಂಡತಿಗೂ ಹೇಳಿದಾವಲ್ಲ. ಹೇಳಿದ ರಾಶಿ ಹುಲುಸು ಹೋಗ್ತೈತಿ.”

ಇದು ಆ ಭಾಗದ ಗಟ್ಟಿ ರೂಢಿ. ಆ ಊರಲ್ಲಿ ಅಳೆಯುವವನು ಪ್ರತಿ ಕೊಳಗಕ್ಕೂ ‘ಲಾಭ’ ಎಂದಷ್ಟೇ ಕೂಗುತ್ತಾನೆ. ಎರಡು, ಮೂರು ಎನ್ನುವುದಿಲ್ಲ. ರಾಶಿಯ ಹತ್ತಿರ ಯಾರೂ ಮಾತಾಡುವುದಿಲ್ಲ. ಸರಕಾರ ಹುಕುಮಿನಿಂದ ಮೌನವಾಗಿತ್ತು, ಊರು ನಂಬಿಕೆಯಿಂದ. ಎರಡು ಮೌನಗಳ ನಡುವೆ ನಾನು ಅಂಕಿಯನ್ನು ಹುಡುಕುತ್ತಿದ್ದೆ.

ಗೌಡರ ಅಂಗಳದ ಆಚೆಯ ಬೇವಿನ ಗಿಡದ ಕೆಳಗೆ ಅವ್ವ ನಿಂತು ಇದೆಲ್ಲವನ್ನೂ ಕೇಳುತ್ತಿದ್ದಳು. ಅಲ್ಲಿಂದಲೇ ಕೂಗಿದಳು:

“ಗೌಡಪ್ಪಾ, ನೀವು ಮೊತ್ತ ಹೇಳಬ್ಯಾಡ್ರಿ. ಲಾಭ ಅಂತ ಜೋರಾಗಿ ಕೂಗ್ರಿ, ಸಾಕು. ನಾವು ಕೂಲಿ ದಿನದ ಲೆಕ್ಕ ಹುಣಸಿಬೀಜದಾಗ ಇಡ್ತೇವಿ. ಒಂದು ಲಾಭಕ್ಕ ಒಂದು ಬೀಜ ಉಡಿಯಾಗ ಹಾಕ್ಕೋತೇವಿ. ನಿಮ್ಮ ಬಾಯಿಗೂ ಮೈಲಿಗಿಲ್ಲ, ನಮಗೂ ಲೆಕ್ಕ ಬಂತು.”

ಗೌಡರು ಮೀಸೆಯ ಕೊನೆಯನ್ನು ತಿರುವಿದರು. “ನಮ್ಮನ್ಯಾಗ ಹೆಣ್ಮಕ್ಕಳೂ ಹೆಂಡಿ ಕುಳ್ಳಿನ ಲೆಕ್ಕ ಹಂಗ ಇಡ್ತಾರ,” ಎಂದರು. ಒಪ್ಪಿಗೆ ಆ ಮಾತಿನಲ್ಲಿಯೇ ಇತ್ತು.

ಮಾಮಲೇದಾರರ ಹತ್ತಿರ ತಿರುಗಿ ಹೋದಾಗ ಚಹಾ ನಿಜವಾಗಿಯೂ ಬಂದಿತು. ನನ್ನ ಮಾತನ್ನು ಪೂರ್ತಿ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು: “ನಮ್ಮ ಕಾಗದದಾಗ ಇದ್ದದ್ದಕ್ಕಿಂತ ಕಡಿಮಿ ಬಂದ್ರ?”

“ಕಡಿಮಿ ಬಂತು ಅಂತ ಹೇಳೂನ್ರಿ.”

“ಹೇಳೂನ್ರಿ ಅಂದ್ರ ಯಾರು? ನಾ ಹೇಳಬೇಕು. ನೌಕರಿ ನಂದು.”

ನನ್ನ ಚರ್ಚಾಕೂಟದ ವಿದ್ಯೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವರು ಕಿಟಕಿಯ ಹೊರಗೆ ಕಾಣುತ್ತಿದ್ದ ಉಗ್ರಾಣದ ಕದವನ್ನೊಮ್ಮೆ ನೋಡಿದರು. ಆಮೇಲೆ ಟೋಪಿ ತೆಗೆದುಕೊಂಡು ಎದ್ದರು. “ಮೊಹರು ಹಾಕಿದ್ದು ನನ್ನ ಕೈ. ಒಡಿಯೂದು ನನ್ನ ಕೈನ ಆಗಬೇಕು. ನಾ ಬರ್ತೇನಿ.” ಇಡೀ ಪ್ರಸಂಗ ತಿರುಗಿದ್ದು ಆ ಒಂದು ನಿರ್ಧಾರದಿಂದ. ನನ್ನ ವಾದದಿಂದ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ.

ಗೊತ್ತಾದ ಮುಂಜಾನೆ ಹಗೇವಿನ ಬಯಲಿಗೆ ಊರಿಗೆ ಊರೇ ಬಂದಿತ್ತು. ಚಾವಡಿಯಲ್ಲಿ ಬೇಡ, ಬಯಲಿನಲ್ಲಿಯೇ ಅಳೆಯಬೇಕೆಂದು ನಾನು ಹಟ ಹಿಡಿದಿದ್ದೆ; ಬಯಲಿಗೆ ಕಟ್ಟೆಯಿಲ್ಲ. ಆದರೂ ಕೇರಿಯವರು ರೂಢಿಯಂತೆ ಬೇರೆಯಾಗಿ, ರಾಶಿಯಿಂದ ದೂರದಲ್ಲಿ ನಿಂತರು. ಅದನ್ನು ಒಂದೇ ದಿನದಲ್ಲಿ ಬದಲಿಸುವ ಶಕ್ತಿ ನನ್ನಲ್ಲಿರಲಿಲ್ಲ.

ಮಾಮಲೇದಾರರು ಅರಗನ್ನು ಎಲ್ಲರಿಗೂ ತೋರಿಸಿ ಒಡೆದರು. ಆಳುಗಳು ಸುತ್ತಲಿನ ಮಣ್ಣು ಸರಿಸಿ, ಹಾರೆಯಿಂದ ಮೀಟಿ, ಕಲ್ಲನ್ನು ಹೊರಳಿಸಿದರು. ಬಿಸಿಯಾದ, ಹುಳಿಯಾದ, ತಲೆ ತಿರುಗಿಸುವ ಝಳವೊಂದು ಮೇಲೆದ್ದಿತು. ಮುಚ್ಚಿದ ಹಗೇವಿನ ಗಾಳಿಗೆ ಪ್ರಾಣ ತೆಗೆಯುವ ಗುಣವಿದೆ. ಆತುರದಿಂದ ಇಳಿದು ಸತ್ತವರ ಕಥೆ ಪ್ರತಿ ಊರಲ್ಲಿಯೂ ಇದೆ. ಝಳ ಆರುವವರೆಗೆ ಎಲ್ಲರೂ ದೂರ ಕುಳಿತೆವು. ಬಳಿಕ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಅದು ನಂದಿತು. ಮತ್ತೆ ಕಾದು, ಮತ್ತೆ ಇಳಿಬಿಟ್ಟರು, ಮತ್ತೆ ನಂದಿತು. ಹೊತ್ತೇರುತ್ತಿತ್ತು. ಪಡುವಣದಲ್ಲಿ, ಹಾನಗಲ್ಲಿನ ದಿಕ್ಕಿಗೆ, ಕರಿಯ ಮೋಡವೊಂದು ಹೆಗಲೆತ್ತಿತು. ಗೌಡರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

ಕೊನೆಗೆ ಕಂದೀಲು ಉರಿಯುತ್ತಲೇ ತಳ ಕಂಡಿತು. ತಳವಲ್ಲ, ಜೋಳ ಕಂಡಿತು. ಬಾಯಿಯ ಬಳಿ ಬಗ್ಗಿದ್ದವನು ತಲೆಯೆತ್ತಿ, “ಐತಿ!” ಎಂದ. ಆ ಒಂದೇ ಶಬ್ದ ಬಯಲಿನ ತುಂಬ ಹಾಯ್ದುಹೋಯಿತು.

ಇಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಬುಟ್ಟಿ ಬುಟ್ಟಿಯಾಗಿ ಜೋಳ ಮೇಲೆ ಬಂದಿತು. ತಾಡಪತ್ರಿಯ ಮೇಲೆ ರಾಶಿ ಬೆಳೆಯಿತು. ಗೌಡರು ಮೆಟ್ಟು ಕಳಚಿ, ರಾಶಿಗೆ ವಿಭೂತಿ ಹಚ್ಚಿ, ಕೊಳಗ ಕೈಗೆ ತೆಗೆದುಕೊಂಡರು. ಮಾಮಲೇದಾರರು ಬೂಟು ಬಿಚ್ಚಿ ನೆಲದ ಮೇಲೆ ಕುಳಿತರು. ಅವರಿಗೆ ಹಾಗೆ ಮಾಡಿರೆಂದು ಯಾರೂ ಹೇಳಿರಲಿಲ್ಲ.

“ಲಾ...ಭ!”

ಆ ಕೂಗನ್ನು ನಾನು ಹೇಗೆ ಬರೆಯಲಿ! ಅದು ಎಪ್ಪತ್ತರ ಹತ್ತಿರದ ಮುದುಕನ ಗಂಟಲು. ಆದರೆ ಊರಿನ ಹಿರಿಯರೆಲ್ಲರ ಗಂಟಲು ಅದರಲ್ಲಿ ಕೂಡಿಕೊಂಡಂತಿತ್ತು. ಪ್ರತಿ ಕೂಗಿನ ಹಿಂದೆ ಒಂದು ಸಣ್ಣ ಸಪ್ಪಳ ಕೇಳಿಸುತ್ತಿತ್ತು. ಮೊದಲು ಏನೆಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು: ನೂರಾರು ಕೈಗಳು ಒಮ್ಮೆಲೇ ಉಡಿಯಲ್ಲಿ ಹುಣಸೆಬೀಜ ಹಾಕುವ ಸಪ್ಪಳ. ಲಾಭ, ಸಪ್ಪಳ. ಲಾಭ, ಸಪ್ಪಳ. ರಾಶಿಯ ಈಚೆ ಗೌಡರ ಮನೆಯ ಸೊಸೆಯಂದಿರು, ಆಚೆ ದೂರದಲ್ಲಿ ಕೇರಿಯ ಹೆಂಗಸರು. ನಡುವೆ ಯಾರೂ ದಾಟದ ನೆಲ. ಧ್ವನಿ ಮಾತ್ರ ಅದನ್ನು ಪ್ರತಿ ಸಲವೂ ದಾಟುತ್ತಿತ್ತು. ನಾನು ಎಷ್ಟೋ ಸಭೆಗಳನ್ನು ಕಂಡಿದ್ದೇನೆ. ಅಷ್ಟು ಜನ ಅಷ್ಟು ಹೊತ್ತು ಒಂದೇ ಸತ್ಯಕ್ಕೆ ಕಿವಿಗೊಟ್ಟುದನ್ನು ಕಂಡಿರಲಿಲ್ಲ. ನನ್ನ ಕೈಗಳು ತಾವಾಗಿಯೇ ಕೂಡಿಕೊಂಡವು.

ಮಧ್ಯಾಹ್ನ ಕಳೆದ ಮೇಲೆ ಬುಟ್ಟಿಗಳಲ್ಲಿ ಕರಿಗಟ್ಟಿದ ಕಾಳು ಬರತೊಡಗಿತು. ಹಿಂದಿನ ಮಳೆಗಾಲದಲ್ಲಿ ಒಂದು ಮಗ್ಗುಲಿಗೆ ನೀರು ಜಿನುಗಿ, ಹುಲ್ಲು ಕೊಳೆತು, ಅದಕ್ಕೆ ತಾಗಿದ ಜೋಳವೆಲ್ಲ ಹೆಂಟೆಯಾಗಿತ್ತು. ಗೌಡರು ಕೂಗುವುದನ್ನು ನಿಲ್ಲಿಸಿ, ಆ ಕಾಳನ್ನು ಬೇರೆಯಾಗಿ ಸುರಿಸಿದರು. ಜನರ ಮುಖ ಕಪ್ಪಿಟ್ಟಿತು. ಮಾಮಲೇದಾರರ ಮುಖ ಬಿಳಿಚಿತು.

ಅಳತೆ ಮುಗಿಯಿತು. ಗೌಡರು ಕೊಳಗವನ್ನು ಕವುಚಿಟ್ಟು ಹಿಂದೆ ಸರಿದರು. ಹೆಂಗಸರು ಉಡಿ ಬಿಚ್ಚಿ ಬೀಜಗಳನ್ನು ಸಾಲು ಹಚ್ಚಿದರು: ಗೌಡರ ಮನೆಯವರು ಕಂಬಳಿಯ ಮೇಲೆ, ಅವ್ವ ಬರಿಯ ನೆಲದ ಮೇಲೆ. ಮಾಮಲೇದಾರರು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ನಡೆದು ಎಣಿಸಿದರು. ಎರಡೂ ಒಂದೇ. ಇನ್ನಷ್ಟು ಮನೆಗಳ ಸಾಲುಗಳನ್ನು ನೋಡಿದರು, ಅವೂ ಅಷ್ಟೇ. ಒಬ್ಬ ಅಜ್ಜಿಯದು ಮಾತ್ರ ಕಡಿಮೆ ಬಂದಿತು.

“ನಡುವ ಜೋಂಪು ಹತ್ತಿತ್ರಿ ಸಾಹೇಬ್ರ,” ಎಂದಳು ಅವಳು. “ಲಾಭ ಅಂದ್ರೂ ಎಚ್ಚರ ಆಗಲಿಲ್ಲ, ನನ್ನ ದೈವ!”

ಆ ನಗೆ ಅಡಗುವ ಮುನ್ನವೇ ಮಾಮಲೇದಾರರು ಅವ್ವನ ಹತ್ತಿರ ಹೋಗಿ, “ಅವ್ವಾ, ಇನ್ನೊಂದಿಷ್ಟು ಬೀಜ ಅದಾವೇನು?” ಎಂದು ಕೇಳಿದರು. ಅವಳು ಬೆರಗಾಗಿ ಚೀಲವನ್ನು ನೆಲದ ಮೇಲಿಟ್ಟು ಹಿಂದೆ ಸರಿದಳು. ಅವರು ಅಲ್ಲಿಯೇ ಕುಕ್ಕರಗಾಲಲ್ಲಿ ಕುಳಿತು, ಕಾಗದದ ಚೀಲಗಳನ್ನು ಕೊಳಗದ ಲೆಕ್ಕಕ್ಕೆ ಇಳಿಸಿ, ಒಂದೊಂದಾಗಿ ಬೀಜ ತೆಗೆದು, ಅವಳ ಸಾಲಿನ ಪಕ್ಕದಲ್ಲಿ ಮತ್ತೊಂದು ಗಿಡ್ಡ ಸಾಲು ಹಚ್ಚಿದರು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು:

“ಸರಕಾರದ ಕಾಗದದ ಪ್ರಕಾರ ಇವೂ ಇರಬೇಕಾಗಿತ್ತು. ಇಲ್ಲ. ಯಾರೂ ಕದ್ದಿಲ್ಲ, ಕೊಳತು ಹೋಗ್ಯಾವು. ಹೋದ ಮಳಿಗಾಲ ಮುಗದ ಕೂಡ್ಲೆ ತಗದು ನೋಡಬೇಕಾಗಿತ್ತು, ನಾವು ನೋಡಲಿಲ್ಲ. ಮೊಹರು ನಂದು, ಹೊಣೆ ನಂದು.”

ಬ್ರಿಟಿಷ್ ಸರಕಾರದ ಒಬ್ಬ ಅಧಿಕಾರಿ, ಬರಿಗಾಲಲ್ಲಿ, ಕೇರಿಯ ಹೆಂಗಸಿನ ಹುಣಸೆಬೀಜದಲ್ಲಿ ತನ್ನ ಕೊರತೆಯನ್ನು ಎಣಿಸಿ ತೋರಿಸಿದನು! ನಾನು ಗಲಭೆಯನ್ನು ನಿರೀಕ್ಷಿಸಿದ್ದೆ. ಅದು ಆಗಲಿಲ್ಲ. ಅವ್ವ ಆ ಎರಡು ಸಾಲುಗಳನ್ನು ನೋಡುತ್ತ ಬೆರಳು ಮಡಚಿ ಏನೋ ಎಣಿಸಿದಳು. ಹಿಂದಿನ ಹೆಂಗಸರೊಡನೆ ಪಿಸುಮಾತಾಡಿದಳು.

“ಆತ್ರಿ. ರೊಟ್ಟಿಗೆ ಸಾಲೂದಿಲ್ಲ, ನುಚ್ಚಿಗೆ ಸಾಲ್ತೈತಿ. ಮೊಲಿ ಉಣಿಸೋ ತಾಯಂದ್ರಿಗೆ ಪೂರಾ ಪಾಲು ಕೊಡ್ರಿ, ಉಳದಾವ್ರಿಗೆ ಕಡಿಮಿ ಮಾಡ್ರಿ. ಶ್ರಾವಣ ದಾಟಿದ್ರ ಕಳಿ ಕೂಲಿ ಹತ್ತೈತಿ. ಯಾರೂ ಗುಳೆ ಹೋಗೂದು ಬ್ಯಾಡ.” ಆಮೇಲೆ ಗೌಡರ ಕಡೆ ತಿರುಗಿ, “ಗೌಡಪ್ಪಾ, ನಿಮ್ಮ ಮನಿ ಹಗೇವೂ ಒಂದಿನ ಅಳೀರಿ, ಬೀಜ ತಗೊಂಡು ಬರ್ತೇವಿ. ಆದ್ರ ಅಷ್ಟು ಹುಣಸಿಬೀಜ ನಮ್ಮ ಕೇರ್ಯಾಗ ಸಿಗ್ತಾವೋ ಇಲ್ಲೋ!” ಎಂದಳು.

ಊರು ನಕ್ಕಿತು, ಗೌಡರೂ ನಕ್ಕರು. ಅವರ ಹಗೇವು ನಾನು ಬಲ್ಲಮಟ್ಟಿಗೆ ಇಂದಿಗೂ ಊರೆದುರು ತೆರೆದಿಲ್ಲ.

ಮೋಡ ಹಾನಗಲ್ಲಿನ ಮೇಲೆಯೇ ಸುರಿದು ಹೋಯಿತು. ಆ ಪುಣ್ಯ ಅಲ್ಲಿಯ ಭತ್ತದ ಗದ್ದೆಗಳಿಗೆ ಸಂದಿತು. ನಮಗೆ ಒಣ ಆಕಾಶವೇ ಸಾಕಾಗಿತ್ತು. ಕೊಳೆತ ಹುಲ್ಲನ್ನು ತೆಗೆದು, ಗೋಡೆಯನ್ನು ಸುಟ್ಟು ಒಣಗಿಸಿ, ಹೊಸ ಹುಲ್ಲಿಟ್ಟು, ಒಳ್ಳೆಯ ಜೋಳವನ್ನು ತಿರುಗಿ ತುಂಬಿದರು. ಕಲ್ಲಿನ ಮೇಲೆ ಮತ್ತೆ ಮೊಹರು ಬಿದ್ದಿತು. ಈ ಸಲ ಅದನ್ನು ನೋಡಿ ಯಾರೂ ಏನೂ ಅನ್ನಲಿಲ್ಲ.

ಶ್ರಾವಣದ ಒಂದು ಜಿಟಿಜಿಟಿ ಮಳೆಯಲ್ಲಿ ನಾನು ಆ ಕೇರಿಗೆ ಹೋಗಿದ್ದೆ. ಅವ್ವನ ಗುಡಿಸಲ ಗೋಡೆಯ ಮಾಡದಲ್ಲಿ ಅಳತೆಯ ದಿನದ ಹುಣಸೆಬೀಜಗಳನ್ನು ತುಂಬಿದ ಒಂದು ಕುಡಿಕೆಯಿತ್ತು. ಕಂಟ್ರೋಲು ಅಂಗಡಿಯಲ್ಲಿ ಹಗೇವಿನ ಜೋಳ ಒಂದು ಕೊಳಗ ಹಂಚಿದಾಗಲೆಲ್ಲ ಅವಳು ಕುಡಿಕೆಯಿಂದ ಒಂದು ಬೀಜ ತೆಗೆದು ಹೊರಗೆಸೆಯುತ್ತಿದ್ದಳು. ಇನ್ನೆಷ್ಟು ಉಳಿದಿದೆಯೆಂದು ಕೇಳಲು ಅವಳು ಕಚೇರಿಗೆ ಹೋಗಬೇಕಾಗಿರಲಿಲ್ಲ. ಕೈ ಹಾಕಿ ನೋಡಿದರಾಯಿತು. ಆ ದಿನ ಮೂಲೆಯಲ್ಲಿ ಒಬ್ಬ ಬಾಣಂತಿ ಕೂಸಿಗೆ ಹಾಲೂಡುತ್ತ ಕುಳಿತಿದ್ದಳು. ಅವ್ವ ಕುಡಿಕೆಯನ್ನು ನನ್ನ ಕಿವಿಯ ಹತ್ತಿರ ಅಲುಗಾಡಿಸಿದಳು.

“ಕೇಳ್ರಿ ಯಪ್ಪಾ. ಇನ್ನೂ ಸಪ್ಪಳ ಐತಿ.”

ಈಗ ರಾಜ್ಯ ನಮ್ಮದಾಗಿದೆ. ಮೊಹರು ಬದಲಾಗಿದೆ, ಮೊಹರಿನ ಕೆಳಗಿರುವುದನ್ನು ಹೇಳದ ಅಭ್ಯಾಸ ಮಾತ್ರ ಹಲವು ಕಚೇರಿಗಳಲ್ಲಿ ಹಾಗೆಯೇ ಉಳಿದಿದೆ. ಆದ್ದರಿಂದ ನನ್ನ ಬಿನ್ನಹ ಇಷ್ಟೇ. ಬರುವ ಮಳೆಗಾಲಕ್ಕೆ ಮೊದಲು ನಿಮ್ಮ ಊರಿನ ಚಾವಡಿಗೆ ಹೋಗಿರಿ. ನಮ್ಮ ಪಾಲಿನ ಸರಕಾರಿ ಧಾನ್ಯ ಎಷ್ಟಿದೆಯೆಂದು ಕೇಳಿರಿ. ಅದನ್ನು ಬಯಲಿನಲ್ಲಿ, ಕೊನೆಯ ಕೇರಿಗೂ ಕೇಳುವಂತೆ, ಕೂಗಿ ಅಳೆಯಿಸಿರಿ. ಹೋಗುವಾಗ ಉಡಿಯಲ್ಲಿ ಒಂದು ಹಿಡಿ ಹುಣಸೆಬೀಜವಿರಲಿ.